ಬೆರಳು ಬಿಸಿಯಾಗುವವರೆಗೆ

ಆ ಬೆಳಿಗ್ಗೆ, ಶಾಗ್ಯ ಊರಿನಿಂದ ಚಿಕಿತ್ಸೆಗೆ ಬರುವ ಅಕ್ಕನ ಎಡಗೈಯನ್ನು ಹಿಡಿದುಕೊಂಡು ತುಂಬ ಹೊತ್ತು ಹುಡುಕಿದೆ. ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಹಳೆಯ ಸೂಜಿ ಗುರುತುಗಳ ಪಕ್ಕದಲ್ಲಿ, ಚರ್ಮದ ಕೆಳಗೆ ಸಣ್ಣಗೆ ಗುಂಯ್ ಅನ್ನುತ್ತಿರಬೇಕು. ಪಂಪ್‌ಸೆಟ್ ಓಡುವಾಗ ಪೈಪಿನ ಮೇಲೆ ಕೈಯಿಟ್ಟರೆ ಹೇಗಿರುತ್ತದೋ ಹಾಗೆ. ನನಗೆ ಏನೂ ಸಿಗಲಿಲ್ಲ.

“ಏನಾಯ್ತು ಮೇಡಮ್ಮೋರೇ? ನಿಂತೋಯ್ತಾ?” ಅಂತ ಅಕ್ಕ ಕೇಳಿದರು. ದನಿಯಲ್ಲಿ ಭಯ ಇತ್ತು.

ಆ ಭಯಕ್ಕೆ ಕಾರಣ ಇದೆ. ನಾನು ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಮೂತ್ರಪಿಂಡ ಕೆಲಸ ನಿಲ್ಲಿಸಿದವರ ರಕ್ತವನ್ನು ಮಿಷನ್ನಿಗೆ ಹರಿಸಿ, ಶುದ್ಧ ಮಾಡಿ, ಮತ್ತೆ ಅವರ ದೇಹಕ್ಕೇ ಕೊಡುವುದು ನಮ್ಮ ಕೆಲಸ. ಅಷ್ಟು ರಕ್ತ ಹರಿಯಲು ಮಾಮೂಲಿ ನರ ಸಾಲದು. ಅದಕ್ಕೆ ತೋಳಿನಲ್ಲಿ ಸಣ್ಣ ಆಪರೇಷನ್ ಮಾಡಿ ಶುದ್ಧ ರಕ್ತದ ನಾಳಕ್ಕೂ ಅಶುದ್ಧ ರಕ್ತದ ನಾಳಕ್ಕೂ ಕೂಡಿಕೆ ಹಾಕಿರುತ್ತಾರೆ. ಅದೇ ಫಿಸ್ಟುಲಾ. ಅದು ಗುಂಯ್ ಅನ್ನುತ್ತಿದ್ದರೆ ದಾರಿ ತೆರೆದಿದೆ ಎಂದರ್ಥ. ನಿಂತರೆ ಮತ್ತೆ ಮೈಸೂರು, ಮತ್ತೆ ಆಪರೇಷನ್. ಅಲ್ಲಿಯತನಕ ಕುತ್ತಿಗೆಯ ನಾಳಕ್ಕೆ ಪೈಪು ಹಾಕಿ ಡಯಾಲಿಸಿಸ್.

ಸ್ಟೆತಸ್ಕೋಪ್ ಇಟ್ಟು ಕೇಳಿದೆ. ಸುಂಯ್ ಸುಂಯ್ ಎಂದು ಚೆನ್ನಾಗಿಯೇ ಕೇಳಿಸುತ್ತಿತ್ತು. ಫಿಸ್ಟುಲಾ ಸರಿಯಾಗಿಯೇ ಇತ್ತು. ಸತ್ತಿದ್ದು ನನ್ನ ಬೆರಳು.

ಧನುರ್ಮಾಸ ಆಗ. ನಮ್ಮ ಕಡೆಯ ಚಳಿ ಅಂದರೆ ಹೊರಗಿನವರು ನಗುತ್ತಾರೆ. ಸುಮ್ಮನೆ ನಿಂತಿದ್ದರೆ ಒಂದು ಸ್ವೆಟರ್ ಸಾಕು, ನಿಜ. ಆದರೆ ಕತ್ತಲು ಇನ್ನೂ ಬಿಡದ ಹೊತ್ತಿನಲ್ಲಿ ಅಗರದಿಂದ ಬೈಕ್ ಹತ್ತಿ, ಗದ್ದೆ ಬಯಲಿನ ಇಬ್ಬನಿಯ ನಡುವೆ ಕೊಳ್ಳೇಗಾಲದ ತನಕ ಬಂದು ನೋಡಬೇಕು. ಮೊದಲು ಬೆರಳ ತುದಿ ಚುರುಚುರು ಅನ್ನುತ್ತದೆ, ಆಮೇಲೆ ನೋಯುತ್ತದೆ, ಆಮೇಲೆ ನೋವೂ ಹೋಗುತ್ತದೆ. ನೋವು ಹೋಯಿತಲ್ಲ ಎಂದು ಸಮಾಧಾನ ಪಡುತ್ತಿದ್ದೆ ನಾನು. ಕೆಟ್ಟದ್ದು ಅದೇ ಎಂದು ಆ ದಿನ ಗೊತ್ತಾಯಿತು.

ನಮ್ಮ ಮಿಷನ್ನುಗಳಿಗೆ ಬೇಕಾದ ನೀರನ್ನು ಶುದ್ಧ ಮಾಡುವ ಆರ್‌ಒ ಪ್ಲಾಂಟನ್ನು ಬೆಳಿಗ್ಗೆ ಆರಕ್ಕೆಲ್ಲ ಆನ್ ಮಾಡಬೇಕು. ಅಷ್ಟು ಹೊತ್ತಿಗೆ ನಮ್ಮೂರ ಕಡೆಯಿಂದ ಬಸ್ಸಿಲ್ಲ. ನಮ್ಮ ಮನೆಯವರಿಗೆ ಯಳಂದೂರಿನ ಅಂಗಡಿಯಲ್ಲಿ ಕೆಲಸ, ತಡವಾಗಿ ಹೋದರೂ ನಡೆಯುತ್ತದೆ. ಹಾಗಾಗಿ ಮನೆಯ ಬೈಕ್ ನನ್ನ ಪಾಲಿಗೆ ಬಂದಿತ್ತು.

ಸದ್ದು ಕೇಳಿಸಿತಲ್ಲ ಎಂಬ ಧೈರ್ಯದ ಮೇಲೆ, ಕಣ್ಣಂದಾಜಿನಲ್ಲಿ ಸೂಜಿ ಹಾಕಿದೆ. ರಕ್ತ ಎಳೆಯುವ ಸೂಜಿ ಸರಿಯಾಗಿ ಕೂತಿತು. ವಾಪಸು ಕೊಡುವ ಸೂಜಿಯಲ್ಲೂ ರಕ್ತ ಕಂಡಿತು. ಟೇಪ್ ಅಂಟಿಸಿ ಪಂಪ್ ಶುರು ಮಾಡಿದೆ. ಕೆಲವು ನಿಮಿಷಕ್ಕೆಲ್ಲ ಮಿಷನ್ ಕೂಗಿಕೊಂಡಿತು. ಸೂಜಿ ನಾಳವನ್ನು ದಾಟಿ ಆಚೆ ಹೋಗಿತ್ತು. ಅಕ್ಕನ ತೋಳಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು.

ಪಂಪ್ ನಿಲ್ಲಿಸಿ, ಕ್ಲ್ಯಾಂಪ್ ಹಾಕಿ, ಗಡ್ಡೆಯ ಮೇಲೆ ಐಸ್ ಇಟ್ಟೆ. ನಮ್ಮ ವಿಭಾಗದ ಹಿರಿಯ ಸಿಸ್ಟರ್ ಬಂದು ಇನ್ನೂ ಮೇಲೆ ಬೇರೆ ಜಾಗ ಹುಡುಕಿ ಸೂಜಿ ಹಾಕಿದರು. ಅಕ್ಕ ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಎಲ್ಲ ಒಂದು ಹದಕ್ಕೆ ಬಂದ ಮೇಲೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. “ಕೈ ಕೊಡು” ಅಂದರು. ನನ್ನ ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಹಿಡಿದು, “ಫ್ರಿಜ್ಜಿಂದ ತೆಗೆದಂಗಿದೆ. ನಾಳೆಯಿಂದ ಬೆರಳು ಬಿಸಿಯಾಗೋವರೆಗೆ ಸೂಜಿ ಮುಟ್ಟಬೇಡ. ತಡ ಆದ್ರೆ ಆಗ್ಲಿ” ಅಂದರು.

ಆದರೆ ತಡ ಅನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಒಬ್ಬೊಬ್ಬರಿಗೂ ನಾಲ್ಕು ಗಂಟೆ ಹಿಡಿಯುತ್ತದೆ. ಮೊದಲ ಪಾಳಿ ತಡವಾದರೆ ಎರಡನೆಯದೂ ತಡ, ಮೂರನೆಯದೂ ತಡ. ಕೊನೆಯವರು ಊರಿಗೆ ಹೋಗುವ ಬಸ್ಸು ತಪ್ಪುತ್ತದೆ. ಆದ್ದರಿಂದ ಬೆರಳನ್ನು ದಾರಿಯಲ್ಲೇ ಬಿಸಿಯಾಗಿ ಇಟ್ಟುಕೊಂಡು ಬರಬೇಕು. ಅದೇ ನನ್ನ ತಲೆಗೆ ಹತ್ತಿತು.

ಮೊದಲು ಕೊಂಡದ್ದು ಉಣ್ಣೆಯ ಗ್ಲೌಸು. ಗಾಳಿ ಅದರೊಳಗೆ ಜರಡಿಯಲ್ಲಿ ನುಗ್ಗಿದ ಹಾಗೆ ನುಗ್ಗಿತು. ಮಂಜಿಗೆ ನೆನೆದು ಮೊದಲಿಗಿಂತ ತಣ್ಣಗಾಯಿತು. ಅದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡೆ. ಗಾಳಿ ನಿಂತಿತು, ಆದರೆ ಹಿಡಿಯ ಮೇಲೆ ಕೈ ಜಾರತೊಡಗಿತು. ಮೆಡಿಕಲ್ ಶಾಪಿನಲ್ಲಿ ತೆಳ್ಳನೆಯ ರಬ್ಬರ್ ಗ್ಲೌಸು ತಂದು ಉಣ್ಣೆಯ ಒಳಗೆ ಹಾಕಿದೆ. ಇದು ಅರ್ಧ ದಾರಿಯವರೆಗೆ ಚೆನ್ನಾಗಿತ್ತು. ಆಮೇಲೆ ಒಳಗೆ ಬೆವರಿ ಅದೇ ತಣ್ಣಗಾಯಿತು.

ನನ್ನ ಅವಸ್ಥೆಯನ್ನು ಅತ್ತೆ ದಿನಾ ನೋಡುತ್ತಿದ್ದರು. ಒಂದು ದಿನ ಒಲೆಯ ಮುಂದೆ ಕೂತು ಅಂದರು: “ಬರೀ ಬೆರ್ಳಿಗೇ ಒದ್ಸಿದ್ರೆ ಆಯ್ತದಾ? ಎದೆ ಬೆಚ್ಚಗಿದ್ರೆ ತಾನೆ ಕೈಗೆ ಬಿಸಿ ಬರಾದು. ಕತ್ತು ನೋಡು, ಬಾಯ್ಬುಟ್ಕಂಡದೆ.”

ಹೌದಲ್ಲ ಅನ್ನಿಸಿತು. ಮೈ ತಣ್ಣಗಾದರೆ ದೇಹ ಮೊದಲು ಕೈಬಿಡುವುದು ಬೆರಳುಗಳನ್ನೇ. ಓದಿದ್ದೆ, ನನ್ನ ಮೈಗೆ ಅನ್ವಯಿಸಿಕೊಂಡಿರಲಿಲ್ಲ. ಮಾರನೆಯ ದಿನ ಅತ್ತೆ ಸ್ವೆಟರಿನ ಮೇಲೆ ಎರಡು ಹಾಳೆ ಹಳೇ ಪೇಪರ್ ಇಟ್ಟು, ಅದರ ಮೇಲೆ ಜರ್ಕಿನ್ ಹಾಕಿಸಿದರು. ಕುತ್ತಿಗೆಗೆ ಅವರದೇ ಹಳೆಯ ಸೀರೆಯ ತುಂಡನ್ನು ಸುತ್ತಿ, ತುದಿಗಳು ಗಾಳಿಗೆ ಹಾರದ ಹಾಗೆ ಜರ್ಕಿನ್ನಿನ ಒಳಗೆ ಸಿಕ್ಕಿಸಿದರು. ಹೊರಡುವ ಮುಂಚೆ ಬಿಸಿ ರಾಗಿ ಗಂಜಿ. ನಡೆದರೆ ಪೇಪರ್ ಚರಚರ ಅನ್ನುತ್ತಿತ್ತು, ಆದರೆ ಎದೆಗೆ ಗಾಳಿ ತಾಕಲಿಲ್ಲ.

ಹೆಲ್ಮೆಟ್ಟಿನ ಗಾಜು ಇನ್ನೊಂದು ಗೋಳು. ಮುಚ್ಚಿದರೆ ಉಸಿರಿಗೆ ಮಬ್ಬು ಹಿಡಿಯುತ್ತದೆ, ತೆರೆದರೆ ಕಣ್ಣಲ್ಲಿ ನೀರು. ಒಳಗಡೆ ಸೋಪು ಸವರಿ ಒಣಬಟ್ಟೆಯಲ್ಲಿ ಒರೆಸಿ, ಗಾಜನ್ನು ಒಂದು ಬೆರಳಷ್ಟು ಎತ್ತಿಕೊಂಡರೆ ಹೇಗೋ ನಡೆಯುತ್ತದೆ ಎಂದು ಕಂಡುಕೊಂಡೆ.

ಕಡೆಗೆ ಕೈಗೆಂದು ಒಂದು ದೊಡ್ಡ ಉಪಾಯ ಮಾಡಿದೆ. ಯಳಂದೂರಿನಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋಗಿ, ಹೊರಗೆ ರೆಕ್ಸಿನ್, ಒಳಗೆ ಹಳೇ ಕಂಬಳಿ ಹಾಕಿ ಎರಡು ಚೀಲ ಹೊಲಿಸಿದೆ. ಹ್ಯಾಂಡಲ್ಲಿನ ಎರಡೂ ಬದಿಗೆ ಅವನ್ನು ಕಟ್ಟಿದರೆ ಕೈ ಅದರೊಳಗೆ ತೂರಿಸಿ ಗಾಡಿ ಓಡಿಸಬಹುದು. ಮೊದಲ ದಿನ ಕೊಳ್ಳೇಗಾಲದಲ್ಲಿ ಇಳಿದಾಗ ನನ್ನ ಬೆರಳು ಬೆಚ್ಚಗಿದ್ದವು. ಸಿಸ್ಟರ್ ಮುಟ್ಟಿ ನೋಡಿ, “ಪಾಸ್” ಅಂದರು. ಗೆದ್ದೆ ಅಂದುಕೊಂಡೆ.

ಆ ಗೆಲುವು ಮುಂದಿನ ಸೋಮವಾರದವರೆಗೆ ಮಾತ್ರ ನಡೆಯಿತು.

ಅಕ್ಕನಂಥವರು ದಿನ ಬಿಟ್ಟು ದಿನ ಬರುತ್ತಾರೆ, ಆದರೆ ಭಾನುವಾರ ನಮ್ಮಲ್ಲಿ ಡಯಾಲಿಸಿಸ್ ಇಲ್ಲ. ಸೋಮವಾರ ಬರುವವರ ಮೈಯಲ್ಲಿ ಒಂದು ದಿನದ ನೀರು ಜಾಸ್ತಿ ತುಂಬಿರುತ್ತದೆ, ಉಸಿರಾಟ ಭಾರವಾಗಿರುತ್ತದೆ. ಜೊತೆಗೆ ಇನ್ನೊಬ್ಬ ಟೆಕ್ನಿಷಿಯನ್ ಜ್ವರ ಬಂದು ಮಲಗಿದ್ದರು. ತಪ್ಪದೆ ಬರುತ್ತೇನೆ ಅಂತ ಸಿಸ್ಟರಿಗೆ ಹಿಂದಿನ ದಿನವೇ ಹೇಳಿದ್ದೆ.

ಮಾಂಬಳ್ಳಿ ದಾಟುವಷ್ಟರಲ್ಲಿ ಮಂಜು ಗೋಡೆಯ ಹಾಗೆ ನಿಂತಿತ್ತು. ಹೆಡ್‌ಲೈಟ್ ಬೆಳಕು ಮುಂದಕ್ಕೆ ಹೋಗದೆ ನನ್ನ ಮುಖಕ್ಕೇ ವಾಪಸು ಬರುತ್ತಿತ್ತು. ಡಿಮ್ ಮಾಡಿ, ಎಡಗಡೆಯ ಬಿಳಿ ಗೆರೆ ಹಿಡಿದು ಎರಡನೇ ಗೇರಿನಲ್ಲಿ ಹೋದೆ. ಕುಂತೂರಿನ ಹತ್ತಿರ ಬಂದಾಗ ಮೂಗಿಗೆ ಕಬ್ಬಿನ ಹಸಿ ವಾಸನೆ ಬಂತು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳು ಆ ಕಾಲದಲ್ಲಿ ಹಗಲೂ ರಾತ್ರಿ ಓಡಾಡುವುದರಿಂದ ಆ ವಾಸನೆ ಹೊಸದಲ್ಲ. ಆದರೆ ಅವತ್ತು ವಾಸನೆ ತೀರ ಹತ್ತಿರದಲ್ಲಿತ್ತು.

ಮರುಕ್ಷಣ ರಸ್ತೆಯ ಮೇಲೆ ಕಪ್ಪಗೆ ಏನೋ ಎದ್ದು ನಿಂತಿತು. ಕಬ್ಬು ತುಂಬಿದ ಟ್ರೇಲರ್. ಹಿಂದೆ ದೀಪವಿಲ್ಲ, ಚಲನೆಯಿಲ್ಲ. ಬ್ರೇಕ್ ಹಿಡಿದೆ. ಚೀಲದೊಳಗಿನ ಕಂಬಳಿ ಮಡಚಿಕೊಂಡು ಬ್ರೇಕಿಗೂ ಹಿಡಿಗೂ ನಡುವೆ ಸಿಕ್ಕಿಕೊಂಡಿತು. ಅರ್ಧ ಬ್ರೇಕ್ ಕೂಡ ಬೀಳಲಿಲ್ಲ. ಕಾಲಿನ ಬ್ರೇಕನ್ನು ಒತ್ತಿ ತುಳಿದು ಎಡಕ್ಕೆ ಎಳೆದೆ. ರಸ್ತೆ ಮೇಲೆ ಉದುರಿದ್ದ ಒದ್ದೆ ಕಬ್ಬಿನ ಗರಿಯ ಮೇಲೆ ಹಿಂದಿನ ಚಕ್ರ ಜಾರಿತು. ಕಬ್ಬಿನ ತುದಿಗಳು ಹೆಲ್ಮೆಟ್ಟನ್ನು ಬರಬರನೆ ಗೀರಿದವು. ಗಾಡಿ ಒಂದು ಕಡೆ, ನಾನು ಒಂದು ಕಡೆ ಮಣ್ಣಿಗೆ ಬಿದ್ದೆವು. ಬೀಳುವಾಗಲೂ ಬಲಗೈ ಆ ಚೀಲದಿಂದ ಸಲೀಸಾಗಿ ಹೊರಗೆ ಬರಲಿಲ್ಲ. ಎಳೆದುಕೊಳ್ಳಬೇಕಾಯಿತು.

“ಅಯ್ಯೋ ಅಕ್ಕಾ! ಏಟಾಯ್ತಾ?” ಎಂದು ಟ್ರ್ಯಾಕ್ಟರ್ ಡ್ರೈವರ್ ಓಡಿ ಬಂದರು. ತಲೆಗೆ ಮಫ್ಲರ್ ಸುತ್ತಿಕೊಂಡ ಮಧ್ಯವಯಸ್ಸಿನವರು. “ಟೈರ್ ಒಡ್ದೋಯ್ತು ಕಣಕ್ಕ. ಕಲ್ ಮಡಗಿವ್ನಿ, ಸೊಪ್ ಮಡಗಿವ್ನಿ. ಈ ಮಂಜಲ್ ಏನ್ ಕಂಡದು?”

ಮಂಡಿ ತರಚಿತ್ತು, ಮೊಣಕೈ ನೋಯುತ್ತಿತ್ತು. ಬೆರಳು ಒಂದೊಂದಾಗಿ ಮಡಚಿ ನೋಡಿಕೊಂಡೆ. ಎಲ್ಲ ಸರಿಯಾಗಿದ್ದವು.

ಡ್ರೈವರ್ ರಸ್ತೆ ಬದಿಯಲ್ಲಿ ಕಬ್ಬಿನ ಗರಿ ಗುಡ್ಡೆ ಹಾಕಿ ಬೆಂಕಿ ಮಾಡಿದ್ದರು. ಟ್ರ್ಯಾಕ್ಟರಿನ ಮುಂದೆ ಇದ್ದ ಆ ಬೆಂಕಿ ಹಿಂದಿನಿಂದ ಬರುವವರಿಗೆ ಕಾಣುವ ಹಾಗಿರಲಿಲ್ಲ. “ಇದನ್ನ ಟ್ರೇಲರ್ ಹಿಂದಕ್ಕೆ, ದೂರದಲ್ಲಿ ಹಾಕೋಣ. ಬೆಳಕಾದ್ರೂ ಕಾಣುತ್ತೆ” ಅಂದೆ. ಇಬ್ಬರೂ ಸೇರಿ ರಸ್ತೆಯ ಅಂಚಿನಲ್ಲಿ, ಇಪ್ಪತ್ತು ಮಾರು ಹಿಂದೆ, ಹೊಸದಾಗಿ ಬೆಂಕಿ ಹಚ್ಚಿದೆವು. ಅದರ ಮುಂದೆ ಕೂತು ಸಿಸ್ಟರಿಗೆ ಫೋನ್ ಮಾಡಿದೆ.

“ಎಲ್ಲಿದ್ದೀಯ?” ಅಂದರು. ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸುತ್ತಿತ್ತು. “ಶಾಗ್ಯದವರು ಬಂದಿದ್ದಾರೆ. ಮಲಗೋಕೆ ಆಗ್ತಿಲ್ಲ, ಕೂತೇ ಇದ್ದಾರೆ. ಡಾಕ್ಟ್ರು ಆಕ್ಸಿಜನ್ ಹಾಕ್ಸಿದ್ದಾರೆ. ನೀರಿನ ಪ್ಲಾಂಟ್ ಆನ್ ಮಾಡಿ ಮಿಷನ್ ಪೈಪ್ ತುಂಬ್ಸಿದ್ದೀನಿ. ಒಂದು ಸೂಜಿ ಹಾಕಿದೆ. ಇನ್ನೊಂದಕ್ಕೆ ಜಾಗ ಸಿಗ್ತಿಲ್ಲ, ಆವತ್ತಿನ ಊತ ಇನ್ನೂ ಗಟ್ಟಿಯಾಗಿದೆ.”

ಬಿದ್ದದ್ದನ್ನು ಹೇಳಿದೆ. “ಬಾ ಅಂತ ನಾನು ಹೇಳಲ್ಲ. ಬರಬೇಡ ಅಂತ ಹೇಳೋ ಸ್ಥಿತಿನೂ ಇಲ್ಲ. ನೀನೇ ನೋಡು” ಅಂದು ಫೋನಿಟ್ಟರು.

ಗಾಡಿ ಎತ್ತಿ ನಿಲ್ಲಿಸಿದೆವು. ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ಹ್ಯಾಂಡಲ್ ಒಂದಿಷ್ಟು ಸೊಟ್ಟಗಾಗಿತ್ತು, ಅಷ್ಟೇ. ಹೋಗಬಹುದಿತ್ತು. ಹತ್ತಿ ಕೂತೂ ಬಿಟ್ಟೆ. ಮುಂದೆ ನೋಡಿದರೆ ಅದೇ ಬಿಳಿ ಗೋಡೆ. ಆ ಗೋಡೆಯೊಳಗೆ ಇನ್ನೆಷ್ಟು ಟ್ರೇಲರ್ ನಿಂತಿವೆಯೋ ಯಾರಿಗೆ ಗೊತ್ತು? ಅಕ್ಕನ ಏದುಸಿರು ಕಿವಿಯಲ್ಲೇ ಇತ್ತು. ಅದೇ ನನ್ನನ್ನು ಹೋಗು ಹೋಗು ಎಂದು ದೂಡುತ್ತಿತ್ತು. ಆದರೆ ಈ ಸಲ ಕೈ ಮುರಿದುಕೊಂಡರೆ ಅಕ್ಕನಿಗೆ ಡಯಾಲಿಸಿಸ್ ಇವತ್ತೂ ಇಲ್ಲ, ನಾಡಿದ್ದೂ ಇಲ್ಲ. ಇಂಜಿನ್ ಆಫ್ ಮಾಡಿ ಕೆಳಗಿಳಿದೆ.

“ಬಸ್ ಎಷ್ಟೊತ್ತಿಗೆ ಬರುತ್ತೆ ಅಣ್ಣ?”

“ಮೊದಲ್ನೇದು ಇನ್ನೇನ್ ಬರೋ ಒತ್ತು” ಅಂದರು ಡ್ರೈವರ್. “ನಾನ್ ನಿಲ್ಲುಸ್ತೀನಿ ಇರಿ.”

“ಗಾಡಿ?”

“ಗಾಡಿ ನಾನ್ ನೋಡ್ಕತೀನಿ ಓಗಕ್ಕ. ನಾನೆಲ್ಗೋದೇನು? ಟೈರೇ ಇಲ್ಲ.”

ನನಗೆ ನಗು ಬಂತು. ಬೆಂಕಿಗೆ ಕೈ ಒಡ್ಡಿ ಕೂತೆ. ಬಸ್ಸಿನ ಹಳದಿ ದೀಪ ಮಂಜಿನಲ್ಲಿ ಕಂಡ ಕೂಡಲೇ ಡ್ರೈವರ್ ಟಾರ್ಚ್ ಬೀಸುತ್ತ ರಸ್ತೆಯ ಅಂಚಿಗೆ ಓಡಿದರು. ಬಸ್ಸೂ ತೆವಳಿಕೊಂಡೇ ಬರುತ್ತಿತ್ತು, ನಿಂತಿತು. ನನ್ನ ಮಣ್ಣಾದ ಬಟ್ಟೆ ನೋಡಿ ಬಸ್ಸಿನ ಡ್ರೈವರ್ ಮುಂದೆಯೇ ಜಾಗ ತೋರಿಸಿದರು. ಇಂಜಿನ್ನಿನ ಮೇಲಿನ ಬಾನೆಟ್ ಕಾದ ಹಂಚಿನ ಹಾಗೆ ಬೆಚ್ಚಗಿತ್ತು. ಕೊಳ್ಳೇಗಾಲದವರೆಗೂ ಅದರ ಮೇಲೆ ಎರಡೂ ಅಂಗೈ ಊರಿಕೊಂಡು ಕೂತಿದ್ದೆ.

ಆಸ್ಪತ್ರೆಗೆ ಓಡಿದೆ. ಬಟ್ಟೆ ಬದಲಿಸಿ, ಕೈ ತೊಳೆದು, ಅಕ್ಕನ ಪಕ್ಕ ಕೂತೆ. ಅವರ ತುಟಿ ಕಪ್ಪಿಟ್ಟಿತ್ತು. ತೋಳು ಮಂಜುಗಡ್ಡೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಊತವಿಲ್ಲದ ಕಡೆ ತೋಳಿಗೆ ಸುತ್ತಿ ಸ್ವಲ್ಪ ಹೊತ್ತು ಹಿಡಿದೆ. ಆಮೇಲೆ ಬಟ್ಟೆ ತೆಗೆದು, ಕಣ್ಣು ಮುಚ್ಚಿಕೊಂಡು, ಬೆರಳನ್ನು ಮೊಣಕೈ ಕಡೆಗೆ ನಿಧಾನ ಸರಿಸುತ್ತ ಹೋದೆ. ಊತ ದಾಟಿದ ಮೇಲೆ, ಒಳಮಗ್ಗುಲಲ್ಲಿ, ಅಲ್ಲಿತ್ತು. ಗುಂಯ್.

“ಸಿಕ್ತು ಸಿಸ್ಟರ್” ಅಂದೆ.

ಸೂಜಿ ಒಂದೇ ಸಲಕ್ಕೆ ಕೂತಿತು. ಮಿಷನ್ ಓಡತೊಡಗಿತು, ಕೂಗಲಿಲ್ಲ. ಎರಡು ಗಂಟೆಯಲ್ಲಿ ಮೈಯ ನೀರು ಇಳಿದು, ಅಕ್ಕ ಮೊದಲ ಸಲ ದಿಂಬಿಗೆ ತಲೆ ಕೊಟ್ಟು ಮಲಗಿದರು. ಗೊರಕೆಯೂ ಶುರುವಾಯಿತು. ಸಿಸ್ಟರ್ ನನ್ನ ಮಂಡಿಗೆ ಡ್ರೆಸಿಂಗ್ ಮಾಡುತ್ತ, “ಗಾಡಿ ಬಿಟ್ಟು ಬಂದ್ಯಲ್ಲ, ಒಳ್ಳೇದು ಮಾಡ್ದೆ” ಅಂದರು.

ಹೊರಗೆ ಬಿಸಿಲಿಗೆ ಅಕ್ಕನ ಗಂಡ ಕೂತಿದ್ದರು. ತೆಳ್ಳನೆಯ ಅಂಗಿ, ಪಂಚೆ, ಹೆಗಲ ಮೇಲೆ ಉದ್ದನೆಯ ಟವಲ್. ಪಕ್ಕದಲ್ಲಿ ಮೊಪೆಡ್. ಅಷ್ಟು ದಿನ ಅವರು ಬಂದಾಗಲೆಲ್ಲ ನೋಡಿದ್ದರೂ ಒಂದು ಮಾತು ಕೇಳಿರಲಿಲ್ಲ. ಆವತ್ತು ಕೇಳಿದೆ. “ಈ ಚಳಿಯಲ್ಲಿ ಶಾಗ್ಯದಿಂದ ಹೇಗೆ ಕರ್ಕೊಂಡು ಬರ್ತೀರ?”

“ಏನ್ ಮಾಡಾದು ಮೇಡಮ್, ಆ ಒತ್ತಲ್ಲಿ ಬಸ್ಸಿಲ್ಲ” ಅಂದರು. “ಇವ್ಳು ಇಂದ್ಗಡೆ ತೂಕಡುಸ್ತಾಳೆ. ಎಲ್ ಜಾರೋಯ್ತಾಳೋ ಅಂತ ಈ ಟವಲ್ಲಲ್ಲಿ ನನ್ ಸೊಂಟಕ್ ಕಟ್ಕಂಡ್ ಬತ್ತೀನಿ. ಓಗೋವಾಗ್ಲೂ ಅಂಗೆಯ.”

ಗಾಡಿ ಬಿದ್ದರೆ ಇಬ್ಬರೂ ಒಟ್ಟಿಗೇ ಕಟ್ಟಿಕೊಂಡು ಬೀಳುತ್ತಾರೆ. ಡಯಾಲಿಸಿಸ್ ಮುಗಿದ ಮೇಲಂತೂ ಬಿಪಿ ಇಳಿದು ತಲೆ ತಿರುಗುವುದು ಸಾಮಾನ್ಯ. ಇಷ್ಟು ದಿನ ನನ್ನ ಹತ್ತು ಬೆರಳಿನ ಚಿಂತೆಯಲ್ಲೇ ಇದ್ದೆ. ಅವರು ಅದಕ್ಕಿಂತ ದೂರದ ದಾರಿಯನ್ನು, ನನಗಿಂತ ಮುಂಚೆ ಎದ್ದು, ಬರೀ ಒಂದು ಟವಲ್ ನಂಬಿಕೊಂಡು ಬರುತ್ತಿದ್ದರು.

ಮಧ್ಯಾಹ್ನ ಸಿಸ್ಟರ್ ಹತ್ತಿರ ಕೂತು ಹೇಳಿದೆ. ಮೊದಲ ಪಾಳಿಯವರು ಬಹುಪಾಲು ದೂರದ ಊರಿನವರು. ಬೇಗ ಮುಗಿಸಿ ಬೇಗ ಊರು ಸೇರಲಿ ಎಂದು ಯಾರೋ ಯಾವಾಗಲೋ ಹಾಗೆ ಮಾಡಿದ್ದರು. ಎರಡನೇ ಪಾಳಿಯಲ್ಲಿ ಇರುವವರು ಕೊಳ್ಳೇಗಾಲದವರೇ. ಚಳಿ ಮುಗಿಯುವವರೆಗೆ ತಿರುಗಿಸಿದರೆ ಹೇಗೆ? ಕೊಳ್ಳೇಗಾಲದವರು ಬೆಳಿಗ್ಗೆ ಬರಲಿ. ಮಂಜಿದ್ದರೆ ನಾನು ಎಲ್ಲಿದ್ದೇನೋ ಅಲ್ಲೇ ನಿಂತು ಫೋನ್ ಮಾಡುತ್ತೇನೆ. ಅವರು ಮನೆಯಲ್ಲೇ ಹೊದ್ದುಕೊಂಡು ಕಾಯಬಹುದು. ಶಾಗ್ಯದವರು ಬಿಸಿಲು ಬಂದ ಮೇಲೆ ಬಸ್ಸಿನಲ್ಲಿ ಬರುತ್ತಾರೆ, ಬಸ್ಸಿನಲ್ಲೇ ಹೋಗುತ್ತಾರೆ.

ಸಿಸ್ಟರಿಗೆ ಸರಿ ಅನ್ನಿಸಿತು, ಡಾಕ್ಟರೂ ಒಪ್ಪಿದರು. ಒಪ್ಪದಿದ್ದವರು ಕೊಳ್ಳೇಗಾಲದ ಒಬ್ಬ ನಿವೃತ್ತ ಮೇಷ್ಟ್ರು. ಎರಡನೇ ಪಾಳಿಯ ಕಿಟಕಿ ಪಕ್ಕದ ಹಾಸಿಗೆ ಅವರದು. “ನಾನ್ಯಾಕಮ್ಮ ಕೋಳಿ ಕೂಗೋ ಹೊತ್ತಿಗೆ ಎದ್ದು ಬರ್ಲಿ? ಮೂವತ್ತು ವರ್ಷ ಬೆಳಿಗ್ಗೆ ಬೆಲ್ ಹೊಡ್ಸಿ ಸಾಕಾಗಿದೆ. ಈಗಲಾದ್ರೂ ನಿದ್ದೆ ಮಾಡ್ಬಾರ್ದಾ?”

ಅವರ ಮಾತಿನಲ್ಲೂ ತಪ್ಪಿರಲಿಲ್ಲ. ವಾದ ಮಾಡಲಿಲ್ಲ. ಶಾಗ್ಯದ ಅಕ್ಕ ಆ ಹೊತ್ತಿಗೆ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ನಡೆಯುತ್ತಿದ್ದರು. ನೀಲಿಗಟ್ಟಿದ ತೋಳು ಮೇಷ್ಟ್ರಿಗೂ ಕಂಡಿತು. ಕಿಟಕಿಯಿಂದ ನೋಡಿದರೆ, ಅಕ್ಕನ ಗಂಡ ಟವಲ್ಲನ್ನು ಬಿಚ್ಚಿ, ಹೆಂಡತಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿ, ತಮ್ಮ ಸೊಂಟಕ್ಕೆ ಸುತ್ತಿ ಗಂಟು ಹಾಕುತ್ತಿದ್ದರು. ಸಿಸ್ಟರ್ ಓಡಿ ಹೋಗಿ ತಡೆದು, ಅಕ್ಕನನ್ನು ಬಸ್ಸಿಗೆ ಹತ್ತಿಸಲು ಹೇಳಿದರು. ಮೇಷ್ಟ್ರು ಎಲ್ಲವನ್ನೂ ನೋಡಿದರು.

“ಹಿಂಗೆ ಬರ್ತಾರಾ ಅವ್ರು?” ಅಂದರು.

“ಹೂಂ ಸಾರ್.”

ಅವರು ತೋಳು ಚಾಚಿ ಸೂಜಿಗೆ ಕೊಟ್ಟು, ಸೀಲಿಂಗ್ ನೋಡುತ್ತ ಮಲಗಿದರು. ಪಂಪ್ ಶುರುವಾದ ಮೇಲೆ ಅಂದರು: “ಶಿವರಾತ್ರಿವರ್ಗೂ ಬರ್ತೀನಿ. ಆದ್ರೆ ಕಿಟಕಿ ಪಕ್ಕದ್ದೇ ಬೇಕು.”

ಸಂಜೆ ಕುಂತೂರಿನ ಹತ್ತಿರ ಇಳಿದೆ. ಟ್ರೇಲರಿಗೆ ಹೊಸ ಟೈರ್ ಹಾಕಿ ಹೋಗಿಯಾಗಿತ್ತು. ನನ್ನ ಬೈಕ್ ಪಕ್ಕದ ಟೀ ಅಂಗಡಿಯ ಒಳಗೆ ಬೆಚ್ಚಗೆ ನಿಂತಿತ್ತು, ಕೀ ಅಂಗಡಿಯಮ್ಮನ ಹತ್ತಿರ. ಮರುದಿನ ಆ ಚೀಲಗಳನ್ನು ಕಿತ್ತು ಯಳಂದೂರಿಗೆ ಒಯ್ದೆ. ಕಂಬಳಿ ತೆಗೆಸಿ, ಬ್ರೇಕ್ ಮತ್ತು ಕ್ಲಚ್ಚಿನ ಹೊರಗೆ ಗಾಳಿ ತಡೆಯುವ ಗಟ್ಟಿ ರೆಕ್ಸಿನ್ ಮಾತ್ರ ಉಳಿಸಿಕೊಂಡೆ. ಕೈ ಪೂರ್ತಿ ಮುಚ್ಚುವುದಿಲ್ಲ, ಆದರೆ ಬೇಕೆಂದ ಕ್ಷಣಕ್ಕೆ ಹೊರಗೆ ಬರುತ್ತದೆ. ಉಳಿದ ಚಳಿಗೆ ಅತ್ತೆಯ ಪೇಪರು, ಒಂದು ಜೊತೆ ದಪ್ಪ ಗ್ಲೌಸು. ಜರ್ಕಿನ್ನಿನ ಬೆನ್ನಿಗೂ ಹೆಲ್ಮೆಟ್ಟಿಗೂ ಹೊಳೆಯುವ ಪಟ್ಟಿ ಅಂಟಿಸಿಕೊಂಡೆ. ಆಸ್ಪತ್ರೆ ತಲುಪಿದ ಮೇಲೆ ಮೊದಲು ಬಿಸಿನೀರಿನ ಬೋಗುಣಿ, ಆಮೇಲೆ ಸೂಜಿ. ಸಿಸ್ಟರ್ ಅದನ್ನು ನಿಯಮವನ್ನೇ ಮಾಡಿಬಿಟ್ಟರು.

ಶಾಗ್ಯದ ಅಕ್ಕ ಬುಧವಾರ ಬಿಸಿಲೇರಿದ ಮೇಲೆ ಬಸ್ಸಿಳಿದು ನಡೆದೇ ಬಂದರು. ನಾನು ಹೇಳಿಕೊಟ್ಟ ಹಾಗೆ ಉಣ್ಣೆಯ ಹಳೇ ಕಾಲುಚೀಲದ ತುದಿ ಕತ್ತರಿಸಿ, ಬಿಗಿಯಾಗದಂತೆ ಫಿಸ್ಟುಲಾ ಇರುವ ತೋಳಿಗೆ ತೊಟ್ಟಿದ್ದರು. ಬಿಚ್ಚಿ ಬೆರಳಿಟ್ಟೆ, ಇಟ್ಟಲ್ಲೇ ಸಿಕ್ಕಿತು.

“ಇದೇನ್ ಮೇಡಮ್ಮೋರೇ, ಇವತ್ತು ಉಡುಕ್ನೇ ಇಲ್ಲ ನೀವು” ಎಂದು ಅಕ್ಕ ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆ ವಾರದ ಕೊನೆಗೆ ಮತ್ತೆ ಮಂಜು ಬಿತ್ತು. ಮಾಂಬಳ್ಳಿ ದಾಟುವ ಮೊದಲೇ ರಸ್ತೆಯಿಂದ ಪೂರ್ತಿ ಕೆಳಗಿಳಿದು, ಒಂದು ಅಂಗಡಿಯ ಜಗಲಿ ಪಕ್ಕ ಗಾಡಿ ನಿಲ್ಲಿಸಿದೆ. ಸಿಸ್ಟರಿಗೆ ಹೇಳಿ, ಇನ್ನು ಮೇಷ್ಟ್ರಿಗೆ ಫೋನ್ ಮಾಡಬೇಕು, ಬೈಸಿಕೊಳ್ಳಬೇಕು ಅಂದುಕೊಳ್ಳುವಷ್ಟರಲ್ಲಿ ಅವರದೇ ಫೋನ್ ಬಂತು.

“ಏನಮ್ಮ, ನಿಮ್ ಕಡೆ ಮಂಜು ಜೋರಾ?”

“ಹೂಂ ಸಾರ್. ಮಂಜು ಕರಗಿದ ಮೇಲೆ ಹೊರಡ್ತೀನಿ.”

“ನಿಧಾನಕ್ಕೆ ಬಾ, ನಿಧಾನಕ್ಕೆ ಬಾ. ನಾವೆಲ್ಲ ಮನೇಲೇ ಇದ್ದೀವಿ, ಎಲ್ಲಾರ್‌ಗೂ ನಾನೇ ಫೋನ್ ಮಾಡಿ ಹೇಳಿದ್ದೀನಿ.” ಆಮೇಲೆ ದನಿ ತಗ್ಗಿಸಿದರು. ದಿನಕ್ಕೆ ಇಷ್ಟೇ ನೀರು ಕುಡಿಯಬೇಕು ಎಂದು ಅವರನ್ನು ಪ್ರತಿ ಸಲ ಗದರಿಸುವವಳು ನಾನೇ. “ಹೆಂಗೂ ತಡ ಆಗುತ್ತಲ್ಲ... ಇನ್ನೊಂದು ಲೋಟ ಕಾಫಿ ಕುಡೀಬೋದಾ?”

“ಅರ್ಧ ಲೋಟ ಸಾರ್” ಅಂದೆ.